ಕಂತುಗಳಲ್ಲಿ ಸಿಗುವ ಲೈಸೆನ್ಸ್

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹದಿಹರೆಯದವರಿಗೆ ಕಾರಿನ ಲೈಸೆನ್ಸ್ ಒಂದೇ ಸಲಕ್ಕೆ ಕೈಗೆ ಬರುವುದಿಲ್ಲ. 16 ತುಂಬಿದರೆ ಕಲಿಕೆಯ ಲೈಸೆನ್ಸ್, 17ಕ್ಕೆ ಕೆಂಪು ‘ಪಿ’ ಫಲಕದ ತಾತ್ಕಾಲಿಕ ಲೈಸೆನ್ಸ್, ವರ್ಷ ಕಳೆದ ಮೇಲೆ ಹಸಿರು ‘ಪಿ’, ಮತ್ತೆರಡು ವರ್ಷಕ್ಕೆ ಪೂರ್ಣ ಲೈಸೆನ್ಸ್. ಎಲ್ಲೂ ತಪ್ಪು ಮಾಡದೆ ಬಂದವರಿಗೂ 20ರ ಮೊದಲು ಅದು ದಕ್ಕದು. ಹೀಗೆ ಕಂತಿನಲ್ಲಿ ಕೊಡುವ ಪದ್ಧತಿಯನ್ನು 1987ರಲ್ಲಿ ದೇಶಕ್ಕೆಲ್ಲ ಅನ್ವಯವಾಗುವಂತೆ ಮೊದಲು ಜಾರಿಗೆ ತಂದದ್ದು ನ್ಯೂಜಿಲೆಂಡ್. ಆಮೇಲೆ ಆಸ್ಟ್ರೇಲಿಯಾ, ಕೆನಡಾ, ಅಮೆರಿಕದ ರಾಜ್ಯಗಳು ತಮತಮಗೆ ಹೊಂದುವಂತೆ ಅದನ್ನು ತಿದ್ದಿಕೊಂಡವು.

ಇದರ ಹಿಂದಿನ ಲೆಕ್ಕಾಚಾರ ಸರಳ. ಕಲಿಯುವಾಗ ಪಕ್ಕದ ಸೀಟಿನಲ್ಲಿ ಹಿರಿಯರೊಬ್ಬರು ಇರುವುದರಿಂದ ಅಪಘಾತ ಕಡಿಮೆ. ಟೆಸ್ಟ್ ಪಾಸಾಗಿ, ಒಬ್ಬರೇ ಗಾಡಿ ತೆಗೆಯುವ ಮೊದಲ ಕೆಲವು ತಿಂಗಳುಗಳಲ್ಲೇ ಅಪಾಯ ತೀರಾ ಹೆಚ್ಚು. ದಿನ ಕಳೆದಂತೆ ಅದು ಇಳಿಯುತ್ತದೆ. ರಾತ್ರಿಯಾದರೆ ಅಪಾಯ ಇನ್ನಷ್ಟು, ಗಾಡಿಯ ತುಂಬ ಓರಗೆಯ ಗೆಳೆಯರಿದ್ದರೆ ಮತ್ತಷ್ಟು. ಅದೇ ಸೀಟಿನಲ್ಲಿ ಅಪ್ಪನೋ ಅಮ್ಮನೋ ಕೂತರೆ ಕಡಿಮೆಯಾಗುತ್ತದೆಂಬುದು ಬೇರೆ ಮಾತು. ನಿಯಮಗಳ ಪಟ್ಟಿ ಹುಟ್ಟಿದ್ದು ಈ ಅನುಭವದಿಂದಲೇ.

ನ್ಯೂ ಸೌತ್ ವೇಲ್ಸ್‌ನಲ್ಲಿ ಮೊದಲ ಹಂತದಲ್ಲಿ ಗಾಡಿಗೆ ಹಳದಿ ಹಿನ್ನೆಲೆಯ ಕಪ್ಪು ‘ಎಲ್’. 25 ದಾಟದವರು 120 ಗಂಟೆ ಗಾಡಿ ಓಡಿಸಿದ್ದನ್ನು ಬರೆದಿಡಬೇಕು. ಅದರಲ್ಲಿ 20 ಗಂಟೆ ರಾತ್ರಿಯದು. ಪ್ರತಿ ಸಲ ಕಾರಿನಿಂದ ಇಳಿದ ಮೇಲೆ ಲಾಗ್‌ಬುಕ್ಕಿನಲ್ಲಿ ತಾರೀಖು, ಹೊರಟ ಹೊತ್ತು, ಮುಟ್ಟಿದ ಹೊತ್ತು, ಓಡೋಮೀಟರಿನ ಅಂಕಿ ತುಂಬಿ, ಪಕ್ಕದಲ್ಲಿ ಕೂತವರ ಸಹಿ ಹಾಕಿಸಬೇಕು. ಡ್ರೈವಿಂಗ್ ಶಾಲೆಯ ಒಂದು ಗಂಟೆಯ ಪಾಠ ಮೂರು ಗಂಟೆಗೆ ಸಮ, ಆದರೆ ಈ ರಿಯಾಯಿತಿ ಹತ್ತು ಪಾಠಗಳಿಗಷ್ಟೇ. ಉಳಿದದ್ದನ್ನು ತುಂಬಿಸುವ ಹೊರೆ ಬಹುಪಾಲು ಹೆತ್ತವರದು. ವಾರಕ್ಕೆ ಎರಡು ಗಂಟೆಯಂತೆ ಕೂತರೂ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಹಾಗೆ ಕೂರುವವರಿಗೂ ನಿಯಮವುಂಟು: ಮಿತಿ ಮೀರಿ ಕುಡಿದಿರಬಾರದು, ಮೊಬೈಲ್ ಹಿಡಿಯಬಾರದು, ಆಸ್ಟ್ರೇಲಿಯಾದ ಪೂರ್ಣ ಲೈಸೆನ್ಸ್ ಹೊಂದಿರಬೇಕು. ಸಿಡ್ನಿಗೆ ಹೊಸದಾಗಿ ಬಂದ ಕನ್ನಡದ ಅಪ್ಪ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇಪ್ಪತ್ತು ವರ್ಷ ಪಳಗಿದ್ದರೂ, ಆಸ್ಟ್ರೇಲಿಯಾದ ಲೈಸೆನ್ಸ್ ತೆಗೆದುಕೊಳ್ಳುವ ತನಕ ಮಗಳ ಲಾಗ್‌ಬುಕ್ಕಿಗೆ ಅವರ ಸಹಿ ನಡೆಯದು.

ಟೆಸ್ಟ್ ಪಾಸಾದರೆ ಬಿಳಿ ಫಲಕದ ಮೇಲೆ ಕೆಂಪು ‘ಪಿ’. ಕಾರಿನ ಹೊರಗೆ, ಹಿಂದೆ ಮುಂದೆ ಎರಡೂ ಕಡೆ ಕಾಣುವಂತೆ ಅದನ್ನು ಹಾಕಬೇಕು. ವೇಗದ ಮಿತಿ ಗಂಟೆಗೆ 90 ಕಿ.ಮೀ. 110ರ ಹೆದ್ದಾರಿಯಲ್ಲೂ ಅಷ್ಟೇ. ಹಿಂದಿನವರಿಗೆ ಎಷ್ಟೇ ಅವಸರವಿದ್ದರೂ ಕೆಂಪು ‘ಪಿ’ ಎಡಗಡೆಯ ಲೇನ್ ಹಿಡಿದು ತನ್ನ ಪಾಡಿಗೆ ಸಾಗುತ್ತದೆ. ರಾತ್ರಿ 11ರಿಂದ ಬೆಳಗಿನ 5ರವರೆಗೆ, 25 ದಾಟದ ಚಾಲಕರು 21ರ ಒಳಗಿನ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಕೂರಿಸಿಕೊಳ್ಳುವಂತಿಲ್ಲ. ಪಾರ್ಟಿ ಮುಗಿಸಿ ಐದು ಜನ ಒಂದೇ ಕಾರಿನಲ್ಲಿ ತುಂಬಿಕೊಂಡು ಬರುವ ದೃಶ್ಯವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮವಿದು. ಹಸಿರು ‘ಪಿ’ಗೆ ವೇಗದ ಮಿತಿ 100. ಎರಡೂ ಹಂತದಲ್ಲಿ ರಕ್ತದಲ್ಲಿ ಮದ್ಯ ಸೊನ್ನೆ ಇರಬೇಕು. ಮೊಬೈಲ್ ಮುಟ್ಟುವಂತೆಯೇ ಇಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ದಾರಿ ನೋಡುವುದಕ್ಕಾಗಲಿ, ಹಾಡು ಹಾಕುವುದಕ್ಕಾಗಲಿ ಕೂಡದು.

ನಿಯಮಕ್ಕೆ ಹಲ್ಲು ಕೊಟ್ಟಿರುವುದು ತಪ್ಪುಗಳಿಗೆ ಬೀಳುವ ಡಿಮೆರಿಟ್ ಪಾಯಿಂಟ್. ಪೂರ್ಣ ಲೈಸೆನ್ಸಿನವರು 13 ಪಾಯಿಂಟ್ ಆಗುವವರೆಗೆ ತಾಳಬಹುದು. ಹಸಿರು ‘ಪಿ’ಗೆ 7, ಕೆಂಪಿಗೆ ಬರೀ 4. ವೇಗದ ಮಿತಿ ಮೀರಿದ ಯಾವ ತಪ್ಪಿಗೂ ಕೆಂಪು ‘ಪಿ’ಯವರಿಗೆ ಕನಿಷ್ಠ 4 ಪಾಯಿಂಟ್ ಬೀಳುವುದರಿಂದ, ಒಂದೇ ಸಲ ಕ್ಯಾಮೆರಾಕ್ಕೆ ಸಿಕ್ಕರೂ ಮೂರು ತಿಂಗಳು ಕಾರು ಮನೆಯಲ್ಲಿ.

ಬ್ರಿಟನ್ ಇಷ್ಟೊಂದು ಮೆಟ್ಟಿಲು ಕಟ್ಟಿಲ್ಲ. ಅಲ್ಲಿ ಹೊಸಬರಿಗೆ ರಾತ್ರಿಯ ತಡೆಯಿಲ್ಲ, ಹಸಿರು ‘ಪಿ’ ಹಾಕುವುದೂ ಬಿಡುವುದೂ ಅವರಿಷ್ಟ. ಆದರೆ 1995ರ ಕಾಯ್ದೆಯೊಂದು 1997ರಿಂದ ಜಾರಿಯಲ್ಲಿದೆ: ಪಾಸಾದ ಎರಡು ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸ್ ರದ್ದು, ಥಿಯರಿ ಪರೀಕ್ಷೆಯಿಂದ ಹಿಡಿದು ಎಲ್ಲ ಮೊದಲಿನಿಂದ. ಕೈಯಲ್ಲಿ ಮೊಬೈಲ್ ಹಿಡಿದು ಗಾಡಿ ಓಡಿಸಿದ್ದಕ್ಕೆ 2017ರಿಂದ ಅಲ್ಲಿ 6 ಪಾಯಿಂಟ್. ಲೆಕ್ಕ ಒಂದೇ ಏಟಿಗೆ ಚುಕ್ತಾ.

ಭಾರತದ ಕಾನೂನು ಬಿಗಿಯಾಗಿರುವುದು ಟೆಸ್ಟಿಗೆ ಮುಂಚೆ. 18 ತುಂಬದವರು ಕಾರು ಮುಟ್ಟುವಂತಿಲ್ಲ. ತುಂಬುವ ಮೊದಲೇ ಓಡಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಎಲ್‌ಎಲ್‌ಆರ್ ಇದ್ದವರ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು, ಗಾಡಿಗೆ ಕೆಂಪು ‘ಎಲ್’ ಇರಬೇಕು. 30 ದಿನ ಕಳೆದ ಮೇಲೆ ಟೆಸ್ಟ್. ಬ್ರೇಕ್ ಇನ್‌ಸ್ಪೆಕ್ಟರ್ ಪಾಸು ಮಾಡಿದರೆ ಮುಗಿಯಿತು. 18ರಲ್ಲಿ ಸಿಕ್ಕಿದ ಡಿಎಲ್ 40 ತುಂಬುವವರೆಗೆ ಊರ್ಜಿತ. ಹೊಸಬರಿಗೆಂದು ಬೇರೆ ವೇಗದ ಮಿತಿಯಿಲ್ಲ, ರಾತ್ರಿಯ ತಡೆಯಿಲ್ಲ. ಮದ್ಯದ ಮಿತಿಯೂ ಎಲ್ಲರಿಗೂ ಒಂದೇ: 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಡಿಎಲ್ ಬಂದ ಸಂಜೆಯೇ ನಾಲ್ವರು ಗೆಳೆಯರನ್ನು ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೊರಟರೂ ಅದು ಕಾನೂನಿಗೆ ಸಮ್ಮತವೇ.

ಪಾಸಾದ ಮೇಲೂ ಹಿಂದಿನ ಗಾಜಿನ ಕೆಂಪು ‘ಎಲ್’ ಸ್ಟಿಕರನ್ನು ಕೆಲವರು ತಿಂಗಳುಗಟ್ಟಲೆ ಕೀಳದೆ ಬಿಡುವುದುಂಟು. ಕಾನೂನು ಕೇಳಿದ್ದಕ್ಕಲ್ಲ, ಏರುದಾರಿಯಲ್ಲಿ ಗಾಡಿ ಆಫ್ ಆದಾಗ ಹಿಂದಿನವರು ಹಾರ್ನ್ ಸ್ವಲ್ಪ ಕಡಿಮೆ ಹೊಡೆಯಲಿ ಎಂದು.