ನಾವು ಮಾಡಿದ ಕಾಗದದ ಸೌರವ್ಯೂಹ



ಸೂರ್ಯ, ಅವನನ್ನು ಸುತ್ತುವ ಎಂಟು ಗ್ರಹಗಳು, ಆ ಗ್ರಹಗಳ ಉಪಗ್ರಹಗಳು, ಇನ್ನೂ ಅನೇಕ ಸಣ್ಣಪುಟ್ಟ ಕಾಯಗಳು ಸೇರಿದ ದೊಡ್ಡ ಸಂಸಾರವೇ ಸೌರವ್ಯೂಹ. ನಮ್ಮಪ್ಪ ಓದುವಾಗ ಗ್ರಹಗಳು ಒಂಬತ್ತು ಇದ್ದವಂತೆ. 2006ರಲ್ಲಿ ಪ್ಲೂಟೋವನ್ನು ಕುಬ್ಜಗ್ರಹ ಎಂದು ಕರೆದ ಮೇಲೆ ಎಂಟಾದವು. ಇದೆಲ್ಲಾ ಪುಸ್ತಕದಲ್ಲಿದೆ. ಪುಸ್ತಕದ ಚಿತ್ರದಿಂದ ತಿಳಿಯದ ಒಂದು ವಿಷಯವನ್ನು ನಾನು ಹೇಳುತ್ತೇನೆ.

ಮೊದಲು ನಾವು ಏಳನೇ ತರಗತಿಯವರು ಕಾಗದದ ಉಂಡೆ ಮಾಡಿ, ಬಣ್ಣ ಬಳಿದು, ಗೇಣು ಗೇಣು ದೂರಕ್ಕೆ ತೊಲೆಗೆ ನೇತು ಹಾಕಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೋಲು ಹಿಡಿದು ವಿವರಿಸುತ್ತಿದ್ದೆ. ಆಗ ಐದನೇ ತರಗತಿಯ ಹುಡುಗನೊಬ್ಬ, "ಅಕ್ಕ, ಗುರುಗ್ರಹ ಇಷ್ಟು ಹತ್ರ ಐತಲ್ಲ, ಮತ್ತೆ ರಾತ್ರಿ ಚುಕ್ಕಿ ಹಂಗೆ ಯಾಕೆ ಕಾಣ್ತೈತೆ?" ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. "ಸುಮ್ನೆ ಕೂತ್ಕೊಳೋ, ಪ್ರಶ್ನೆ ಕೇಳೋದು ಕೊನೇಲಿ" ಎಂದು ಗದರಿಸಿಬಿಟ್ಟೆ. ಅವನು ತಲೆ ತಗ್ಗಿಸಿದ. ಆಮೇಲೆ ವಿಜ್ಞಾನದ ಮೇಷ್ಟ್ರು ನನ್ನನ್ನು ಕರೆದು, "ತಪ್ಪು ಅವನ ಪ್ರಶ್ನೆಯಲ್ಲಿಲ್ಲಮ್ಮ, ನಿಮ್ಮ ಮಾದರಿಯಲ್ಲಿದೆ" ಎಂದರು. ನನಗೆ ನಾಚಿಕೆಯಾಯಿತು. ಅದಕ್ಕೇ ಎರಡನೇ ಸಲ ಅಳತೆ ಇಟ್ಟು ಮಾಡಿದೆವು.

ನಮ್ಮ ಅಳತೆ: 1 ಸೆಂ.ಮೀ. ಎಂದರೆ 10,000 ಕಿ.ಮೀ. ಹಾಗಾದರೆ 1 ಮೀಟರ್ ಎಂದರೆ 10 ಲಕ್ಷ ಕಿ.ಮೀ., 10 ಮೀಟರ್ ಎಂದರೆ 1 ಕೋಟಿ ಕಿ.ಮೀ. ಗಾತ್ರಕ್ಕೂ ದೂರಕ್ಕೂ ಇದೇ ಅಳತೆ. ಇದೇ ಮುಖ್ಯ. ಪುಸ್ತಕದ ಚಿತ್ರದಲ್ಲಿ ಗಾತ್ರಕ್ಕೆ ಒಂದು ಅಳತೆ, ದೂರಕ್ಕೆ ಇನ್ನೊಂದು ಇರುತ್ತದೆ. ಇಲ್ಲದಿದ್ದರೆ ಹಾಳೆಯಲ್ಲಿ ಹಿಡಿಸುವುದಿಲ್ಲ.

ಬೇಕಾಗುವ ಸಾಮಾನುಗಳು: ಹಳೇ ದಿನಪತ್ರಿಕೆ, ಮೈದಾ ಹಿಟ್ಟು ಕಾಯಿಸಿದ ಅಂಟು, ನೂಲು, ರಟ್ಟು, ಹಳೇ ಕ್ಯಾಲೆಂಡರಿನ ಹಾಳೆ, ಪೊರಕೆ ಕಡ್ಡಿ, ಬಣ್ಣ, 10 ಮೀಟರ್ ಹಗ್ಗ.

ಮಾಡುವ ವಿಧಾನ: ಪತ್ರಿಕೆಗಳನ್ನು ಒಂದಕ್ಕೊಂದು ಅಂಟಿಸಿ ದೊಡ್ಡ ಹಾಳೆ ಮಾಡಿ. ನಡುವೆ ಮೊಳೆ ಇಟ್ಟು, 70 ಸೆಂ.ಮೀ. ನೂಲು ಕಟ್ಟಿ ವೃತ್ತ ಎಳೆದು ಕತ್ತರಿಸಿ. ಅದೇ ಸೂರ್ಯ, ಅಡ್ಡಳತೆ ಸುಮಾರು 140 ಸೆಂ.ಮೀ. ಹಳದಿ ಬಳಿದು ಶಾಲೆಯ ಕಾಂಪೌಂಡಿಗೆ ಅಂಟಿಸಿ. ಗ್ರಹಗಳಿಗೆ ಕಾಗದವನ್ನು ಗಟ್ಟಿಯಾಗಿ ಮುದ್ದೆ ಮಾಡಿ, ನೂಲು ಸುತ್ತಿ, ಮೇಲೆ ಅಂಟು ಸವರಿದ ಕಾಗದದ ಪಟ್ಟಿಗಳನ್ನು ನಾಲ್ಕೈದು ಸಲ ಸುತ್ತಿ ಒಣಗಿಸಿ. ಸರಿಯಾದ ಗಾತ್ರ ಬಂತೋ ಇಲ್ಲವೋ ನೋಡಲು ಒಂದು ಉಪಾಯವಿದೆ. ರಟ್ಟಿನಲ್ಲಿ ಅದೇ ಅಳತೆಯ ತೂತು ಕೊರೆಯಿರಿ. ಉಂಡೆ ಅದರಲ್ಲಿ ಬಿಗಿಯಾಗಿ ತೂರಿದರೆ ಸರಿ.

ಗ್ರಹದ ಅಡ್ಡಳತೆ, ಸೂರ್ಯನಿಂದ ಇಡಬೇಕಾದ ದೂರ:
ಬುಧ – 0.5 ಸೆಂ.ಮೀ. – 58 ಮೀಟರ್
ಶುಕ್ರ – 1.2 ಸೆಂ.ಮೀ. – 108 ಮೀಟರ್
ಭೂಮಿ – 1.3 ಸೆಂ.ಮೀ. – 150 ಮೀಟರ್
ಮಂಗಳ – 0.7 ಸೆಂ.ಮೀ. – 228 ಮೀಟರ್
ಗುರು – 14 ಸೆಂ.ಮೀ. – 778 ಮೀಟರ್
ಶನಿ – 12 ಸೆಂ.ಮೀ. – 1,430 ಮೀಟರ್
ಯುರೇನಸ್ – 5 ಸೆಂ.ಮೀ. – 2,870 ಮೀಟರ್
ನೆಪ್ಚೂನ್ – 5 ಸೆಂ.ಮೀ. – 4,500 ಮೀಟರ್

ಬುಧ ಒಂದು ತೊಗರಿ ಕಾಳು, ಭೂಮಿ ಗೋಲಿಗಿಂತ ಸ್ವಲ್ಪ ಚಿಕ್ಕದು, ಗುರು ಸುಲಿದ ದೊಡ್ಡ ತೆಂಗಿನಕಾಯಿ, ಯುರೇನಸ್ ನೆಪ್ಚೂನ್ ಎರಡೂ ನಿಂಬೆಹಣ್ಣು ಎಂದು ನೆನಪಿಟ್ಟುಕೊಳ್ಳಿ. ಶನಿಯ ಬಳೆಗೆ ಕ್ಯಾಲೆಂಡರ್ ಹಾಳೆಯಲ್ಲಿ 27 ಸೆಂ.ಮೀ. ಅಗಲದ ವೃತ್ತ ಕತ್ತರಿಸಿ, ನಡುವೆ 15 ಸೆಂ.ಮೀ. ತೂತು ಮಾಡಿ, ನಾಲ್ಕು ಪೊರಕೆ ಕಡ್ಡಿಗಳಿಂದ ಉಂಡೆಗೆ ಸೇರಿಸಬೇಕು.

ನಮ್ಮ ಹಗ್ಗ 10 ಮೀಟರ್. ಎರಡು ಮೊಳಕಾಲ್ಮೂರು ಸೀರೆ ಉದ್ದಕ್ಕೆ ಹಾಸಿದರೆ ಅದಕ್ಕಿಂತ ತುಸು ಹೆಚ್ಚಾಗುತ್ತದೆ. ಆದರೆ ಅಪ್ಪ ನೇಯ್ದ ರೇಷ್ಮೆ ಸೀರೆಯನ್ನು ರಸ್ತೆಗೆ ತಂದರೆ ಅವರು ಬಿಡುತ್ತಾರೆಯೇ! ಹಗ್ಗವನ್ನೇ ಹಿಡಿದು ಅಳೆಯುತ್ತಾ ಹೊರಟೆವು. ಒಂದು ಹಗ್ಗ ಒಂದು ಕೋಟಿ ಕಿ.ಮೀ. ಹದಿನೈದು ಹಗ್ಗಕ್ಕೆ ನೀರಿನ ಟ್ಯಾಂಕ್ ಬಂತು. ಅಲ್ಲಿ ಭೂಮಿ ಇಟ್ಟೆವು. ಭೂಮಿಯಿಂದ 38 ಸೆಂ.ಮೀ. ದೂರದಲ್ಲಿ ಜೋಳದ ಕಾಳಿನಷ್ಟು ಚಂದ್ರ. ನಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಗುಂಡಿಗಳನ್ನು ಮಾಡಿ ಚಂದ್ರಯಾನ-2ರ ಪರೀಕ್ಷೆ ನಡೆಸಿದ್ದರು. ಆಮೇಲೆ ಚಂದ್ರಯಾನ-3 ಜುಲೈ 14, 2023ರಂದು ಹೊರಟು ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಯಿತು. 40 ದಿನ ಪ್ರಯಾಣ ಮಾಡಿ ಅದು ತಲುಪಿದ ಚಂದ್ರ ನಮ್ಮ ಅಳತೆಯಲ್ಲಿ ಬರೀ 38 ಸೆಂ.ಮೀ. ದೂರ!

ಭೂಮಿಯ ಹತ್ತಿರ ನಿಂತು ಶಾಲೆ ಕಡೆ ತಿರುಗಿದಾಗ ಮೇಷ್ಟ್ರು ಒಂದು ತೊಗರಿ ಕಾಳು ಕೊಟ್ಟರು. ಅದನ್ನು ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಅಷ್ಟು ದೊಡ್ಡ ಕಾಗದದ ಸೂರ್ಯ ಕಾಳಿನ ಹಿಂದೆ ಮುಚ್ಚಿಹೋದ. ಹುಣ್ಣಿಮೆ ದಿನ ಮನೆ ಮಾಳಿಗೆ ಮೇಲೆ ಅದೇ ಕಾಳು ಹಿಡಿದೆ. ಚಂದ್ರನೂ ಮುಚ್ಚಿಹೋದ! ನಿಜವಾದ ಸೂರ್ಯ ನಮಗೆ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತಾನೆ. ಅಂದರೆ ನಮ್ಮ ಕಾಗದದ ಸೂರ್ಯ ಆಕಾಶದ ಸೂರ್ಯನಷ್ಟೇ ಕಂಡ, ಅಳತೆ ಸರಿಯಾಗಿದೆ ಎಂದಾಯಿತು. (ಎಚ್ಚರಿಕೆ: ಸೂರ್ಯನನ್ನು ನೇರವಾಗಿ ಯಾರೂ ನೋಡಬಾರದು, ಕಣ್ಣು ಹಾಳಾಗುತ್ತದೆ.)

ಬೆಳಕು ಒಂದು ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುತ್ತದೆ. ನಮ್ಮ ಅಳತೆಯಲ್ಲಿ ಅದು ಸೆಕೆಂಡಿಗೆ 30 ಸೆಂ.ಮೀ., ಅಂದರೆ ನಿಮ್ಮ ಅಡಿಪಟ್ಟಿಯಷ್ಟು. ಸೆಕೆಂಡಿಗೊಂದು ಅಡಿಪಟ್ಟಿಯಷ್ಟು ಹೆಜ್ಜೆ ಇಟ್ಟು ಗೆಳತಿಯೊಬ್ಬಳು ಬೆಳಕಾಗಿ ನಡೆದಳು. ಭೂಮಿಗೆ ಬರಲು 500 ಹೆಜ್ಜೆ, 8 ನಿಮಿಷ 20 ಸೆಕೆಂಡು ಆಯಿತು. ನಿಜವಾದ ಬೆಳಕಿಗೂ ಸುಮಾರು ಅಷ್ಟೇ ಹೊತ್ತು ಬೇಕು. ನೆಪ್ಚೂನ್‌ವರೆಗೆ ಹೀಗೇ ನಡೆದರೆ ನಾಲ್ಕು ಗಂಟೆಗೂ ಹೆಚ್ಚು.

ಗುರುವನ್ನು ಇಟ್ಟದ್ದು ಬಸ್ಸು ನಿಲ್ಲುವ ಅರಳಿಮರದ ಹತ್ತಿರ. ನಾನು ಆ ಐದನೇ ತರಗತಿಯ ಹುಡುಗನನ್ನು ಭೂಮಿಯ ಹತ್ತಿರ ಕರೆದುಕೊಂಡು ಹೋಗಿ ನಿಂತೆ. ದೂರದಲ್ಲಿ ನಮ್ಮ ತರಗತಿಯವನು ಗುರುವಿನ ಉಂಡೆ ಎತ್ತಿ ಹಿಡಿದ. "ಕಾಣ್ತೈತೇನೋ?" ಎಂದೆ. ಅವನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, "ಚುಕ್ಕಿ ಹಂಗೆ ಐತಕ್ಕ!" ಅಂದ. ಅವನ ಪ್ರಶ್ನೆಗೆ ಅವನೇ ಉತ್ತರ ಹೇಳಿದ್ದ. ಅಂದು ಗದರಿದ್ದಕ್ಕೆ ಅಲ್ಲೇ "ತಪ್ಪಾಯ್ತಪ್ಪ" ಎಂದೆ. ಅವನು ನಕ್ಕುಬಿಟ್ಟ.

ಶನಿ ಕೆರೆ ಏರಿಗೆ ಬಂತು. ಯುರೇನಸ್ ಶೇಂಗಾ ಹೊಲಗಳ ನಡುವೆ. ನೆಪ್ಚೂನನ್ನು ಮೇಷ್ಟ್ರು ಬೈಕಿನ ಮೀಟರ್ ನೋಡಿಕೊಂಡು ಪಕ್ಕದೂರಿಗೆ ಒಯ್ದರು. ಅಲ್ಲಿಂದ ನಮ್ಮ ಶಾಲೆಯೇ ಕಾಣುವುದಿಲ್ಲ, ಇನ್ನು ಸೂರ್ಯ ಎಲ್ಲಿಂದ ಕಾಣಬೇಕು! ಆದರೂ ನಿಜವಾದ ನೆಪ್ಚೂನ್ ಅಷ್ಟು ದೂರದಿಂದಲೇ ಸೂರ್ಯನನ್ನು ಸುತ್ತುತ್ತಿದೆ. ಇಡೀ ದಾರಿಯಲ್ಲಿ ನಮಗೆ ಸಿಕ್ಕಿದ್ದು ಎಂಟು ಉಂಡೆ. ಉಳಿದದ್ದೆಲ್ಲಾ ಬಹುಪಾಲು ಬಯಲು.

ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದನ್ನೂ ಕಾಗದದಲ್ಲಿ ಮಾಡಿದರೆ ಎಲ್ಲಿ ಅಂಟಿಸಬೇಕು ಗೊತ್ತೇ? ಸುಮಾರು 40,000 ಕಿ.ಮೀ. ದೂರದಲ್ಲಿ. ಭೂಮಿಯ ಸುತ್ತಳತೆಯೇ ಅಷ್ಟು. ಅಂದರೆ ಅದನ್ನು ಹೊತ್ತುಕೊಂಡು ಪ್ರಪಂಚವೆಲ್ಲಾ ಒಂದು ಸುತ್ತು ಬಂದು ಮತ್ತೆ ನಮ್ಮೂರಲ್ಲೇ ನಿಲ್ಲಬೇಕು!

ಮೊದಲಿನ ಮಾದರಿ ಇನ್ನೂ ತೊಲೆಯಲ್ಲಿದೆ. ಚೆನ್ನಾಗಿಯೇ ಇದೆ. ಆದರೆ ಅದರ ಕೆಳಗೆ "ಇದರಲ್ಲಿ ಗಾತ್ರವೂ ದೂರವೂ ಸರಿಯಿಲ್ಲ" ಎಂದು ಚೀಟಿ ಅಂಟಿಸಿದ್ದೇವೆ. ಬರುವ ವರ್ಷ ನಾವು ಹೈಸ್ಕೂಲಿಗೆ ಹೋಗುತ್ತೇವೆ. ಎಂಟು ಗ್ರಹಗಳನ್ನೂ ಹಗ್ಗವನ್ನೂ ರಟ್ಟಿನ ಡಬ್ಬಿಯಲ್ಲಿಟ್ಟು ಕಪಾಟಿನ ಮೇಲೆ ಇಟ್ಟಿದ್ದೇವೆ. ಆರನೇ ತರಗತಿಯವರೇ, ನೀವೂ ಅಳೆದು ನೋಡಿ. ಚಿಕ್ಕವರು ಪ್ರಶ್ನೆ ಕೇಳಿದರೆ ಮಾತ್ರ ಗದರಬೇಡಿ.

— ಏಳನೇ ತರಗತಿಯ ವಿದ್ಯಾರ್ಥಿನಿ