ಮಂದ್ರದ ನಾಲ್ಕು ತಂತಿ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ವಿಗ್ರಹ ಮಾಡಿಸಲು ಬರುವವರು ಮೊದಲು ನೋಡುವುದು ಮೂರ್ತಿಯ ಮುಖವನ್ನು. ಆಮೇಲೆ ಕೈ, ಆಯುಧ, ಆಭರಣ, ಪ್ರಭಾವಳಿ. ಪೀಠವನ್ನು ಗಮನಿಸುವವರು ಕಡಿಮೆ. ಆದರೆ ಪೀಠ ಒಂದು ಎಳೆಯಷ್ಟು ಓರೆಯಾದರೂ ಮೇಲಿನ ಮೂರ್ತಿ ವಾಲಿದಂತೆ ಕಾಣುತ್ತದೆ ಎಂಬುದನ್ನು ತಲೆಮಾರುಗಳಿಂದ ಕಲ್ಲು ಕೆತ್ತುತ್ತ ಬಂದಿರುವ ಆ ಊರಿನ ಶಿಲ್ಪಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಗೀತದಲ್ಲಿಯೂ ಇಂಥದೊಂದು ಪೀಠವಿದೆ. ರಾಕ್ ತಂಡಗಳಲ್ಲಿ ಅದನ್ನು ಕಟ್ಟುವ ವಾದ್ಯ ಬೇಸ್ ಗಿಟಾರ್. ಇಂಗ್ಲಿಷಿನಲ್ಲಿ ಮಂದ್ರದನಿಗೂ ತಳಪಾಯಕ್ಕೂ ಬೇರೆ ಬೇರೆ ಕಾಗುಣಿತದ ಎರಡು ಪದಗಳಿವೆ. ಕನ್ನಡದಲ್ಲಿ ಬರೆದಾಗ ಎರಡೂ ‘ಬೇಸ್’ ಎಂದೇ ಆಗುತ್ತವೆ. ಲಿಪಿಯ ಈ ಆಕಸ್ಮಿಕದಿಂದ ಅರ್ಥಕ್ಕೇನೂ ಕೇಡಾಗಿಲ್ಲ.

ಗಿಟಾರ್ ಕಲಿಯಬೇಕೆನ್ನುವ ಹುಡುಗರು ಎಲ್ಲ ಊರುಗಳಲ್ಲಿಯೂ ಸಿಗುತ್ತಾರೆ. ಬೇಸ್ ಕಲಿಯಬೇಕೆಂದು ಮೊದಲಿನಿಂದಲೇ ಹಟ ಹಿಡಿಯುವವರು ವಿರಳ. ಹಾಗಿದ್ದರೂ ಪ್ರತಿ ತಂಡಕ್ಕೂ ಒಬ್ಬ ಬೇಸ್ ವಾದಕ ಬೇಕು. ಈ ಹವ್ಯಾಸಿಗಳು ಎಲ್ಲಿಂದ ಹುಟ್ಟಿಕೊಳ್ಳುತ್ತಾರೆ? ಹೆಚ್ಚಿನವರ ಕಥೆ ಒಂದೇ ಬಗೆಯದು. ಮೆಚ್ಚಿನ ತಂಡವೊಂದರ ಹಾಡನ್ನು ಎಷ್ಟನೆಯ ಸಲವೋ ಕೇಳುತ್ತಿರುವಾಗ, ಅಷ್ಟು ದಿನ ಗಮನಕ್ಕೇ ಬಾರದಿದ್ದ ಕೆಳದನಿಯೊಂದು ಇದ್ದಕ್ಕಿದ್ದಂತೆ ಬೇರೆಯಾಗಿ ಕೇಳಿಸುತ್ತದೆ. ಒಮ್ಮೆ ಅದು ಕೇಳಿಸಿದ ಮೇಲೆ ಆ ಹಾಡನ್ನು ಮೊದಲಿನಂತೆ ಕೇಳುವುದು ಸಾಧ್ಯವಿಲ್ಲ.

ಅಷ್ಟು ದಿನ ಕೇಳಿಸದಿರಲು ಕಾರಣವೂ ಇದೆ. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ಸಾಧಾರಣ ಗಿಟಾರಿನ ಆರು ತಂತಿಗಳಲ್ಲಿ ದಪ್ಪನೆಯ ನಾಲ್ಕರ ಸ್ವರಗಳೇ ಇಲ್ಲಿಯೂ ಇರುತ್ತವೆ, ಆದರೆ ಒಂದು ಸ್ಥಾಯಿ ಕೆಳಗೆ. ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಅಂಗೈಯಗಲದ ಟ್ರಾನ್ಸಿಸ್ಟರ್ ರೇಡಿಯೋಗೆ ಇಷ್ಟು ಕೆಳಗಿನ ದನಿಯನ್ನು ಹೊರಡಿಸುವ ಶಕ್ತಿಯಿಲ್ಲ. ಮೂಲಸ್ವರದ ಮೇಲೇಳುವ ಉಪಸ್ವರಗಳನ್ನಷ್ಟೇ ಅದು ಕೊಡುತ್ತದೆ. ಅವುಗಳಿಂದ ಮೂಲಸ್ವರವನ್ನು ಊಹಿಸಿಕೊಳ್ಳುವ ಕೆಲಸ ಕೇಳುಗನ ಮಿದುಳಿನದು. ದೊಡ್ಡ ಸ್ಪೀಕರುಗಳ ಟೇಪ್‌ರೆಕಾರ್ಡರುಗಳು ಮನೆಗೆ ಬಂದಾಗ, ಖಾಸಗಿ ಬಸ್ಸುಗಳ ಸೀಟಿನ ಕೆಳಗೆ ವೂಫರುಗಳು ಗುಡುಗತೊಡಗಿದಾಗ, ಹಳೆಯ ಹಾಡುಗಳಲ್ಲಿಯೇ ಹೊಸದೇನೋ ಇರುವಂತೆ ಅನೇಕರಿಗೆ ತೋರಿದ್ದು ಇದರಿಂದಲೇ.

ವಾದ್ಯವೇನೂ ಪುರಾತನವಲ್ಲ. ಮೊದಲು ಈ ಕೆಲಸ ಆಳೆತ್ತರದ ಡಬಲ್ ಬೇಸ್‌ನದಾಗಿತ್ತು. ಅದರಲ್ಲಿ ವೀಣೆಯ ಮೆಟ್ಟಿಲುಗಳಂಥ ಗುರುತುಗಳಿಲ್ಲ. ಪಿಟೀಲಿನಂತೆ ಕಿವಿಯ ಅಂದಾಜಿನ ಮೇಲೆ ಸ್ವರ ಹಿಡಿಯಬೇಕು. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಕೊರಳಿಗೆ ತೂಗುಹಾಕಿಕೊಳ್ಳಬಹುದಾದ, ಮೆಟ್ಟಿಲುಗಳಿರುವ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದ. ಸ್ವರ ತಪ್ಪದು ಎಂಬ ಭರವಸೆ ಕೊಡಲು ಅದಕ್ಕೆ ‘ಪ್ರಿಸಿಷನ್’ ಎಂದೇ ಹೆಸರಿಟ್ಟ.

ವಾದ್ಯ ಬಂದರೂ ಮರ್ಯಾದೆ ಬರಲು ಕಾಲ ಹಿಡಿಯಿತು. 1961ರಲ್ಲಿ ಬೀಟಲ್ಸ್ ತಂಡದಿಂದ ಸ್ಟುವರ್ಟ್ ಸಟ್‌ಕ್ಲಿಫ್ ಹೊರಟುಹೋದಾಗ ಬೇಸ್ ಯಾರಿಗೂ ಬೇಡವಾಗಿತ್ತು. ಅದು ಪಾಲ್ ಮೆಕಾರ್ಟ್ನಿಯ ಕೊರಳಿಗೆ ಬಿತ್ತು. ನಾಗಸ್ವರದ ಮೇಳದಲ್ಲಿ ಶ್ರುತಿ ಹಿಡಿಯುವ ‘ಒತ್ತು’ ಕಲಿಕೆಯ ಹುಡುಗನ ಪಾಲಿಗೆ ಬರುತ್ತಿದ್ದುದನ್ನು ಇದು ನೆನಪಿಸುತ್ತದೆ. ಮೆಕಾರ್ಟ್ನಿ ಮಾತ್ರ ಅದನ್ನು ಶಿಕ್ಷೆಯೆಂದು ತಿಳಿಯದೆ, ಹಾಡಿನ ಕೆಳಗೆ ಇನ್ನೊಂದು ಹಾಡನ್ನೇ ನೇಯತೊಡಗಿದರು. ಅವರು ಕಿವಿಗೊಟ್ಟು ಕಲಿತವರಲ್ಲಿ ಒಬ್ಬರು ಅಮೆರಿಕದ ಮೋಟೌನ್ ಕಂಪನಿಯ ಜೇಮ್ಸ್ ಜೇಮರ್ಸನ್. ಒಂದೇ ತೋರುಬೆರಳಿನಿಂದ ತಂತಿ ಮೀಟುತ್ತಿದ್ದ ಈ ಮಹಾನುಭಾವರ ಹೆಸರು 1971ರವರೆಗೆ ರೆಕಾರ್ಡುಗಳ ಹೊದಿಕೆಯ ಮೇಲೆ ಅಚ್ಚಾಗಲಿಲ್ಲ. ಲೋಕವೆಲ್ಲ ಕುಣಿದ ಹಾಡುಗಳಲ್ಲಿ ಅವರಿದ್ದರು, ಯಾರೆಂದು ಕೇಳಿದವರಿಲ್ಲ. ಬೇಸ್ ವಾದಕರ ಗುರುಪರಂಪರೆ ಬಹುಮಟ್ಟಿಗೆ ಹೀಗೆಯೇ, ಶಿಷ್ಯನಿಗೆ ಗುರುವಿನ ಹೆಸರೂ ತಿಳಿಯದಂತೆ, ಬೆಳೆದುಬಂದಿದೆ.

ಕನ್ನಡ ಕೇಳುಗರಿಗೆ ಈ ದನಿಯ ಪರಿಚಯವಾದದ್ದು ರಾಕ್ ತಂಡಗಳಿಗಿಂತ ಮೊದಲು ಸಿನಿಮಾ ಹಾಡುಗಳಿಂದ. ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ಕೆಲಸ ಕಲಿತ ಇಳಯರಾಜ ಅವರು 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ ಸಂಗೀತ ಕೊಟ್ಟರು. ಅದರ ‘ಜೊತೆಯಲಿ’ ಹಾಡಿನಲ್ಲಿ ಬೇಸ್ ಗಿಟಾರ್ ಸುಮ್ಮನೆ ಆಧಾರಸ್ವರವನ್ನು ಒತ್ತಿ ಕೂರುವುದಿಲ್ಲ. ಗಾಯಕರ ಮಗ್ಗುಲಲ್ಲೇ ತನ್ನದೊಂದು ದಾರಿ ಹಿಡಿದು ನಡೆಯುತ್ತದೆ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಬೀದಿಯಲ್ಲಿ ಕೇಳುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ಇಳಯರಾಜ ಮೂರು ಭಾಷೆಯಲ್ಲಿಯೂ ಸಿಕ್ಕಿದರು. ಗಣೇಶೋತ್ಸವ, ರಾಜ್ಯೋತ್ಸವಗಳ ಆರ್ಕೆಸ್ಟ್ರಾದಲ್ಲಿ ಆ ಹಾಡುಗಳು ಬೇಕೆಂದರೆ ಬೇಸ್ ವಾದಕ ಇರಲೇಬೇಕಾಗಿತ್ತು. ಕೋಲಾರ ಚಿನ್ನದ ಗಣಿಯ ಪ್ರದೇಶದಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು, ಕ್ಲಬ್ಬುಗಳು, ನಾಲ್ಕು ದನಿಗಳಲ್ಲಿ ಹಾಡುವ ಚರ್ಚುಗಳು ಇದ್ದುದರಿಂದ ಕೆಳದನಿ ಎಂಬುದೊಂದಿದೆ ಎನ್ನುವ ಅರಿವೂ ಅಲ್ಲಿ ಹೊಸದಾಗಿರಲಿಲ್ಲ.

ಆದರೂ ಸಿನಿಮಾ ಹಾಡಿನಲ್ಲಿ ಬೇಸ್ ಮರೆಯಲ್ಲಿಯೇ ಉಳಿಯಿತು. ಅದನ್ನು ವೇದಿಕೆಯ ಮುಂಭಾಗಕ್ಕೆ ತಂದು ನಿಲ್ಲಿಸಿದ ತಂಡಗಳಲ್ಲಿ ಬೆಂಗಳೂರಿನ ಸುತ್ತಲಿನ ಹುಡುಗರಿಗೆ ಬಹಳ ಪ್ರಿಯವಾದದ್ದು ಇಂಗ್ಲೆಂಡಿನ ‘ಐರನ್ ಮೇಡನ್’. 1975ರ ಕೊನೆಯಲ್ಲಿ ಈ ತಂಡವನ್ನು ಕಟ್ಟಿದವರು ಬೇಸ್ ವಾದಕ ಸ್ಟೀವ್ ಹ್ಯಾರಿಸ್. 1956ರಲ್ಲಿ ಹುಟ್ಟಿದ ಹ್ಯಾರಿಸ್‌ಗೆ ಮೊದಲು ಫುಟ್ಬಾಲಿನ ಹುಚ್ಚು. ಬಳಿಕ ಡ್ರಮ್ಸ್ ಕಲಿಯುವ ಆಸೆ. ಮನೆಯಲ್ಲಿ ಡ್ರಮ್ಸ್ ಇಡಲು ಜಾಗವಿಲ್ಲದೆ ಬೇಸ್ ಹಿಡಿದರು. ಗುರುವಿಲ್ಲ. ‘ಯೆಸ್’ ತಂಡದ ಕ್ರಿಸ್ ಸ್ಕ್ವೈರ್, ‘ದ ಹೂ’ ತಂಡದ ಜಾನ್ ಎಂಟ್ವಿಸಲ್ ಮುಂತಾದವರ ರೆಕಾರ್ಡುಗಳೇ ಪಾಠ. ಸ್ಕ್ವೈರ್ ಮೆಕಾರ್ಟ್ನಿಯನ್ನು ಮೆಚ್ಚಿಕೊಂಡು ಬೆಳೆದವರು. ಹಾಗಾಗಿ ಇಂದು ಹ್ಯಾರಿಸ್ ಅವರನ್ನು ಅನುಕರಿಸುವ ಹವ್ಯಾಸಿ, ತನಗೆ ತಿಳಿಯದೆಯೇ ಜೇಮರ್ಸನ್ನನ ಒಂಟಿ ಬೆರಳಿನವರೆಗೆ ಹೋಗಿ ಮುಟ್ಟುತ್ತಾನೆ.

ಹ್ಯಾರಿಸ್ ಅವರ ವಾದನದ ಗುರುತು ಕುದುರೆಯ ನಾಗಾಲೋಟದಂಥ ನಡೆ. 1982ರ ‘ರನ್ ಟು ದ ಹಿಲ್ಸ್’ ಹಾಡಿನಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ. ಕ್ರಿಮಿಯಾ ಯುದ್ಧದ ಕುದುರೆ ಸವಾರನ ಬಗೆಗಿನ 1983ರ ‘ದ ಟ್ರೂಪರ್’ ಹಾಡಿಗಂತೂ ಆ ನಡೆ ಹೇಳಿ ಮಾಡಿಸಿದ್ದು. ಶಾಲೆಯಲ್ಲಿ ಛಂದಸ್ಸು ಓದಿದವರಿಗೆ ಅದನ್ನು ವಿವರಿಸುವುದು ಸುಲಭ. ಒಂದು ಗುರು, ಎರಡು ಲಘು, ಅಂದರೆ ಭಗಣ. ನಾಲ್ಕು ಮಾತ್ರೆಯ ಈ ಗಣವನ್ನು ಒಂದರ ಹಿಂದೊಂದರಂತೆ, ನಿಮಿಷಗಟ್ಟಲೆ, ಉಸಿರು ಬಿಡದೆ ಬಾರಿಸಬೇಕು. ಅನೇಕರು ಇದಕ್ಕೆ ಪ್ಲಾಸ್ಟಿಕ್ಕಿನ ಮೀಟುಕಡ್ಡಿ ಬಳಸುತ್ತಾರೆ. ಹ್ಯಾರಿಸ್ ಬಳಸುವುದು ಎರಡು ಬೆರಳುಗಳನ್ನು. ಅವರು ಮೀಟುವ ರಭಸಕ್ಕೆ ತಂತಿ ಮೆಟ್ಟಿಲಿಗೆ ಬಡಿದು ಲೋಹದ ಸದ್ದೊಂದು ಹೊರಡುತ್ತದೆ. ಬೇರೆ ತಂಡದವರಾದರೆ ಅದನ್ನು ದೋಷವೆಂದು ಅಳಿಸಿಬಿಡುತ್ತಿದ್ದರೇನೋ. ಇಲ್ಲಿ ಆ ಸದ್ದಿನಿಂದಲೇ ಬೇಸ್ ಚಿಕ್ಕ ಸ್ಪೀಕರಿನಲ್ಲಿಯೂ ಕೇಳಿಸುತ್ತದೆ.

2007ರ ಮಾರ್ಚ್ 17ರಂದು ಈ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. 2009ರ ಫೆಬ್ರುವರಿಯಲ್ಲಿ ಮತ್ತೆ ಬಂತು. ಅದಕ್ಕೂ ಮೊದಲು ಅಲ್ಲಿಗೆ ಬೇರೆ ದೊಡ್ಡವರು ಬಂದಿರಲಿಲ್ಲವೆಂದಲ್ಲ. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದಿತ್ತು. ಆದರೆ ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತವರಿಗೆ, ಬೇಸ್ ವಾದಕನೇ ಯಜಮಾನನಾಗಿರುವ ತಂಡವೊಂದನ್ನು, ಅವನು ಒಂದು ಕಾಲನ್ನು ಸ್ಪೀಕರಿನ ಮೇಲಿಟ್ಟು ಪ್ರೇಕ್ಷಕರತ್ತ ವಾದ್ಯವನ್ನು ಕೋವಿಯಂತೆ ಗುರಿ ಹಿಡಿಯುವುದನ್ನು ಕಣ್ಣಾರೆ ಕಾಣುವುದು ಬೇರೆಯೇ ಅನುಭವ. ಮೂಲೆಯಲ್ಲಿ ನಿಲ್ಲುವವನ ವಾದ್ಯವೆಂಬ ಅಳುಕು ಅಲ್ಲಿ ಕರಗಿಹೋಗುತ್ತದೆ.

ಮೆಚ್ಚಿನ ತಂಡ ಕಲಿಸುವ ಮೊದಲ ಪಾಠ ಸಾಮಾನ್ಯವಾಗಿ ತಪ್ಪು ಪಾಠವೆಂಬುದನ್ನು ಹೇಳಲೇಬೇಕು. ಹೊಸಬ ವೇಗದ ಹಿಂದೆ ಬೀಳುತ್ತಾನೆ. ವಾರದೊಳಗೆ ಬೆರಳ ತುದಿಯಲ್ಲಿ ಬೊಬ್ಬೆ. ಹಾಡಿನ ಅರ್ಧಕ್ಕೆ ಬರುವಷ್ಟರಲ್ಲಿ ಮುಂಗೈ ಸೆಡೆತುಕೊಳ್ಳುತ್ತದೆ. ಈಗ ಪ್ರತಿ ಹಾಡಿಗೂ ಯಾವ ತಂತಿಯ ಎಷ್ಟನೆಯ ಮೆಟ್ಟಿಲನ್ನು ಒತ್ತಬೇಕೆಂದು ಅಂಕಿಗಳಲ್ಲಿ ಬರೆದ ‘ಟ್ಯಾಬ್’ ಸಿಗುತ್ತದೆ. ಅದು ಬೆರಳಿಡುವ ಜಾಗವನ್ನು ತಿಳಿಸುತ್ತದೆ; ಬೆರಳನ್ನು ಯಾವಾಗ ಎತ್ತಬೇಕೆಂಬುದನ್ನು ತಿಳಿಸುವುದಿಲ್ಲ. ಬೇಸ್‌ನ ಗುಟ್ಟೆಲ್ಲ ಇರುವುದು ಆ ಎತ್ತುವುದರಲ್ಲಿ. ಸ್ವರ ಒಂದು ಕೂದಲೆಳೆಯಷ್ಟು ಹೆಚ್ಚು ಹೊತ್ತು ಉಳಿದರೆ ಹಾಡು ಕೆಸರಾಗುತ್ತದೆ, ಬೇಗ ನಿಂತರೆ ಒಣಗುತ್ತದೆ. ಡ್ರಮ್ಸ್ ಬಾರಿಸುವವನು ಕಾಲಿನಿಂದ ಒದೆಯುವ ದೊಡ್ಡ ಡ್ರಮ್ಮಿನ ಸದ್ದು ಮತ್ತು ಬೇಸ್‌ನ ಸ್ವರ ಒಂದೇ ಏಟಿನಂತೆ ಕೇಳಬೇಕು. ಮೃದಂಗದ ಎಡದ ಮುಚ್ಚಳಿಕೆಯ ‘ತೋಂ’ ಎಂಬ ದನಿ ಹಾಡಿನ ಹೆಜ್ಜೆಯನ್ನು ಹಿಡಿದಿಡುವುದನ್ನು ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ.

ಇನ್ನೂ ಮುಂದೆ ಹೋದವನಿಗೆ ತನ್ನ ಕೈಯಲ್ಲಿರುವ ಅಧಿಕಾರದ ಅರಿವಾಗುತ್ತದೆ. ಗಿಟಾರಿನವರು ಸ, ಗ, ಪ ಮೂರನ್ನೂ ಒಟ್ಟಿಗೆ ಮೀಟುತ್ತಿದ್ದಾರೆನ್ನಿ. ಬೇಸ್ ಕೂಡ ‘ಸ’ದಲ್ಲಿ ನಿಂತರೆ ಕೇಳುವವನಿಗೆ ನೆಲೆ ಸಿಕ್ಕಂಥ ನೆಮ್ಮದಿ. ಅದೇ ಹೊತ್ತಿನಲ್ಲಿ ಬೇಸ್ ಕೆಳಗಿನ ‘ಧ’ಕ್ಕೆ ಇಳಿದರೆ, ಮೇಲಿನವರು ಒಂದು ಬೆರಳನ್ನೂ ಕದಲಿಸದಿದ್ದರೂ, ಅದೇ ಸ್ವರಗಳಿಗೆ ವಿಷಾದದ ಛಾಯೆ ಬಂದುಬಿಡುತ್ತದೆ. ಹಾಡು ಮುಖ ಬಾಡಿಸಿತೆಂದು ಎಲ್ಲರಿಗೂ ಅನ್ನಿಸುತ್ತದೆ. ಯಾರು ಬಾಡಿಸಿದರೆಂದು ತಿಳಿಯುವುದು ಇಬ್ಬರು ಮೂವರಿಗೆ. ಈ ಗುಪ್ತ ಅಧಿಕಾರದ ರುಚಿ ಹತ್ತಿದವನು ಮತ್ತೆ ಸಾಧಾರಣ ಗಿಟಾರಿಗೆ ಮರಳುವುದು ಅಪರೂಪ.

ಆದರೆ ಆ ರುಚಿ ಹತ್ತಿಸಿಕೊಂಡವನು ನುಡಿಸುವುದೆಲ್ಲಿ ಎಂಬ ಪ್ರಶ್ನೆ ಸಣ್ಣದಲ್ಲ. ಅಗ್ಗದ ಕೀಬೋರ್ಡುಗಳು ಬಂದ ಮೇಲೆ ಆರ್ಕೆಸ್ಟ್ರಾಗಳಲ್ಲಿ ಬೇಸ್‌ನ ಕೆಲಸ ಕೀಬೋರ್ಡಿನವನ ಎಡಗೈಗೆ ಹೋಯಿತು. ಆಮೇಲೆ ಮೊದಲೇ ಧ್ವನಿಮುದ್ರಿಸಿದ ‘ಟ್ರ್ಯಾಕ್’ ಬಂತು, ಎಡಗೈಯೂ ಬೇಡವಾಯಿತು. ಖರ್ಚು ಇಳಿಸಬೇಕಾದಾಗ ಕೈಬಿಡುವುದು ಯಾರ ಅಭಾವ ಗೊತ್ತಾಗುವುದಿಲ್ಲವೋ ಅವರನ್ನೇ ಅಲ್ಲವೆ? ಒತ್ತು ಊದುತ್ತಿದ್ದ ಹುಡುಗನ ಜಾಗಕ್ಕೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂದದ್ದೂ ಇದೇ ತರ್ಕದಿಂದ. ಶ್ರುತಿಯೇನೋ ಸರಿಯಾಗಿಯೇ ಇರುತ್ತದೆ. ಮೇಳದ ನಡುವೆ ಕುಳಿತು ಕಿವಿ ತಿದ್ದಿಕೊಳ್ಳುವ ಒಬ್ಬ ಹುಡುಗ ಮಾತ್ರ ಇಲ್ಲವಾಗುತ್ತಾನೆ.

ಮನುಷ್ಯನೇ ಬೇಸ್ ನುಡಿಸಬೇಕೆಂದು ಇನ್ನೂ ಹಟ ಹಿಡಿದಿರುವುದು ರಾಕ್ ತಂಡಗಳು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಕ್ರಿಪ್ಟೋಸ್’ ಹಳೆಯ ಹೆವಿ ಮೆಟಲ್ ಶೈಲಿಯನ್ನೇ ನೆಚ್ಚಿಕೊಂಡು 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದವರೆಗೆ ಹೋಯಿತು. ರಘು ದೀಕ್ಷಿತ್ ಅವರ ತಂಡ ಶಿಶುನಾಳ ಶರೀಫರ ತತ್ವಪದಗಳ ಕೆಳಗೆ ಬೇಸ್ ಗಿಟಾರನ್ನು ಇಟ್ಟಿತು. ಕೈವಾರದ ತಾತಯ್ಯನವರ ಪದಗಳನ್ನು ತಂಬೂರಿಯ ನಾದದ ಮೇಲೆ ಕೇಳಿ ಬೆಳೆದ ಕೋಲಾರದ ಕಿವಿಗೆ, ಕೆಳಗೊಂದು ದನಿ ಬಿಡದೆ ಗುನುಗುವುದು ಅಷ್ಟೇನೂ ವಿಚಿತ್ರವೆನಿಸದು.

ಸಣ್ಣ ಊರುಗಳ ಹವ್ಯಾಸಿಗೆ ಇವೆಲ್ಲ ಸುಲಭವಲ್ಲ. ಮಾಲೂರು, ಟೇಕಲ್, ಬಂಗಾರಪೇಟೆಗಳಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಬೇಸ್ ಗಿಟಾರೋ ಸುಮಾರು ನಾಲ್ಕು ಅಡಿ ಉದ್ದದ್ದು. ಗಂಟೆಯ ಬಾಡಿಗೆ ಕೊಟ್ಟು ಅಭ್ಯಾಸ ಮಾಡುವ ಕೋಣೆಗಳು, ಹುಡುಗರ ಭಾಷೆಯಲ್ಲಿ ‘ಜಾಮ್ ಪ್ಯಾಡ್’ಗಳು, ಇರುವುದು ನಗರದಲ್ಲಿ. ವಾದ್ಯದ ಜೊತೆಗೆ ಆಂಪ್ಲಿಫೈಯರ್ ಕೊಳ್ಳುವಷ್ಟು ಹಣ ಎಲ್ಲರಲ್ಲಿಯೂ ಇರುವುದಿಲ್ಲ. ಅದಿಲ್ಲದೆ ಬೇಸ್ ಗಿಟಾರ್ ಬಹುತೇಕ ಮೂಕ. ಮೀಟಿದವನಿಗೇ ಸರಿಯಾಗಿ ಕೇಳಿಸದು. ಅದಕ್ಕೊಂದು ಹಳೆಯ ಉಪಾಯವಿದೆ. ಬಿರಡೆಗಳಿರುವ ವಾದ್ಯದ ತಲೆಯನ್ನು ಮರದ ಬೀರುವಿಗೋ ಬಾಗಿಲಿಗೋ ಒತ್ತಿ ಹಿಡಿದು ಮೀಟಿದರೆ, ತಂತಿಯ ಕಂಪನ ಮರಕ್ಕೆ ಇಳಿದು, ಬೀರುವೇ ಗುಂಯ್‌ಗುಡತೊಡಗುತ್ತದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹೀಗೆ ಎಷ್ಟೋ ಹಾಡುಗಳ ಪಾಠ ನಡೆಯುತ್ತದೆ. ಪಕ್ಕದ ಕೋಣೆಯವರಿಗೆ ಅದು ಕೇಳಿಸುವುದಿಲ್ಲ.