ಡಬ್ಬಿ ಅದೇ, ಹೆಸರೂ ಅದೇ. ಒಳಗಿನ ಎಂಜಿನ್ ಆಯಿಲ್ ಬದಲಾಗಿದೆಯಾ?

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇಯರ್‌ಫೋನ್ ಹಾಕ್ಕೊಂಡು ಬೈಕ್ ಓಡಿಸ್ತಾ ಇದನ್ನ ಕೇಳ್ತಿದ್ದರೆ, ಮೊದಲು ಗಾಡಿ ಪಕ್ಕಕ್ಕೆ ಹಾಕಿ. ಇವತ್ತಿನ ವಿಷಯ ಬೈಕಿನದೇ, ಹಾಗಾಗಿ ಹೇಳಿದೆ.

ಅಂಕೋಲಾದಿಂದ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ದಿನಾ ಕಾರವಾರಕ್ಕೆ ಕೆಲಸಕ್ಕೆ ಹೋಗಿ ಬರ್ತಾರೆ. ಹೈವೇ 66ರಲ್ಲಿ ಹೋಗಿ ಬರೋದು ಸುಮಾರು 70 ಕಿಲೋಮೀಟರ್. ತಿಂಗಳಿಗೆ 25 ದಿನ ಅಂದ್ರೆ 1,750 ಕಿಲೋಮೀಟರ್. ಹಾಗಾಗಿ ವರ್ಷಕ್ಕೆ ಮೂರು ನಾಲ್ಕು ಸಲ ಆಯಿಲ್ ಬದಲಿಸಲೇಬೇಕು. ಐದಾರು ವರ್ಷದಿಂದ ಒಂದೇ ಬ್ರ್ಯಾಂಡ್, ಒಂದೇ ಬಣ್ಣದ ಡಬ್ಬಿ. ಅವರು ಕೇಳಿದ್ದು ಇಷ್ಟು: "ಮೊದಲು ಆಯಿಲ್ ದಪ್ಪ ಇತ್ತು, ಜೇನಿನ ಬಣ್ಣ ಇತ್ತು. ಈಗ ನೀರಿನ ಹಾಗಿದೆ. ರೇಟ್ ಮಾತ್ರ ಜಾಸ್ತಿ. ಗ್ಯಾರೇಜಿನವರು 'ತಮಾ, ಈಗಿಂದು ಮೊದಲಿನಂಗಿಲ್ಲ, ಇನ್ನೂರು ರೂಪಾಯಿ ಹೆಚ್ಚು ಹೋದ್ರೂ ಫುಲ್ ಸಿಂಥೆಟಿಕ್ ಹಾಕ್ಸು' ಅಂತಾರೆ. ಕಂಪನಿಯವರು ಮೋಸ ಮಾಡ್ತಿದ್ದಾರಾ? ಡುಪ್ಲಿಕೇಟಾ?"

ಎರಡೂ ಅಲ್ಲದೇ ಇರಬಹುದು. ಆದರೆ ಒಳಗಿನದು ಬದಲಾಗಿರೋ ಸಾಧ್ಯತೆ ಖಂಡಿತ ಇದೆ. ಹೇಗೆ ಅಂತ ನೋಡೋಣ.

ಎಂಜಿನ್ ಆಯಿಲ್ ಡಬ್ಬಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಇರೋದು ಬೇಸ್ ಆಯಿಲ್. ಉಳಿದದ್ದು ಸವೆತ ತಡೆಯೋದಕ್ಕೆ, ಮಸಿ ಕಟ್ಟದ ಹಾಗೆ ನೋಡಿಕೊಳ್ಳೋದಕ್ಕೆ ಬೆರೆಸಿದ ರಾಸಾಯನಿಕಗಳು. ಬೇಸ್ ಆಯಿಲನ್ನು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದ್ರೆ ಡಬ್ಬಿ ಮೇಲೆ ಕಾಣೋ ಎಪಿಐ, ಐದು ಗುಂಪು ಮಾಡಿದೆ.

ಗ್ರೂಪ್ 1 ಹಳೆಯ ಪದ್ಧತಿ. ಕಚ್ಚಾ ತೈಲದಿಂದ ಬಂದ ಭಾರದ ಭಾಗವನ್ನು ದ್ರಾವಕದಲ್ಲಿ ತೊಳೆದು ಬೇಡದ್ದನ್ನು ತೆಗೀತಾರೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಎಷ್ಟು ಆರಿಸಿದರೂ ಒಂದೆರಡು ಉಳೀತಾವೆ. ಗ್ರೂಪ್ 2ರಲ್ಲಿ ತುಂಬಾ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸ್ತಾರೆ. ಗಂಧಕ ಶೇ 0.03ಕ್ಕಿಂತ ಕೆಳಗೆ ಇಳಿಯುತ್ತೆ. ಗ್ರೂಪ್ 3ರಲ್ಲಿ ಇದೇ ಕೆಲಸ ಇನ್ನೂ ಜೋರು: ಅಣುಗಳೇ ಒಡೆದು ಬೇರೆ ಆಕಾರಕ್ಕೆ ಬರ್ತವೆ. ಅಕ್ಕಿಯನ್ನೇ ರುಬ್ಬಿ, ಬೇಯಿಸಿ, ಶ್ಯಾವಿಗೆ ಒತ್ತಿದ ಹಾಗೆ ಅಂದ್ಕೊಳ್ಳಿ. ಗ್ರೂಪ್ 4 ಅಂದ್ರೆ ಪಿಎಒ. ಅದನ್ನ ತೊಳೆಯೋದೂ ಇಲ್ಲ, ಒಡೆಯೋದೂ ಇಲ್ಲ. ಎಥಿಲೀನ್ ಅನಿಲದಿಂದ ಶುರು ಮಾಡಿ ಬೇಕಾದ ಅಣುವನ್ನ ಕಾರ್ಖಾನೆಯಲ್ಲೇ ಕಟ್ತಾರೆ. ಈ ನಾಲ್ಕರಲ್ಲಿ ಸೇರದ್ದೆಲ್ಲಾ ಗ್ರೂಪ್ 5.

ಈಗ ಜಗಳದ ಪ್ರಶ್ನೆ. ಶ್ಯಾವಿಗೆಯನ್ನ ಅಕ್ಕಿ ಅಂತ ಕರೀಬೇಕಾ, ಬೇರೆ ಪದಾರ್ಥ ಅಂತ ಕರೀಬೇಕಾ?

ಈ ಜಗಳ ನಿಜವಾಗಿಯೂ ನಡೀತು. ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ಕಂಪನಿಯ ಸಿಂಟೆಕ್ ಅನ್ನೋ ಸಿಂಥೆಟಿಕ್ ಆಯಿಲ್ ಇತ್ತು. ಅದರಲ್ಲಿ ಮೊದಲು ಪಿಎಒ ಹಾಕ್ತಿದ್ದರು. 1997ರ ಸುಮಾರಿಗೆ ಅದನ್ನ ತೆಗೆದು, ಅಗ್ಗದ ಗ್ರೂಪ್ 3 ಹಾಕೋಕೆ ಶುರು ಮಾಡಿದರು. ಡಬ್ಬಿ ಮೇಲಿನ 'ಸಿಂಥೆಟಿಕ್' ಹಾಗೇ ಉಳೀತು. ಪಿಎಒ ಬಳಸಿ ಮೊಬಿಲ್ 1 ಮಾಡ್ತಿದ್ದ ಮೊಬಿಲ್ ಕಂಪನಿಗೆ ಇದು ಸರಿ ಕಾಣಲಿಲ್ಲ. ಕಚ್ಚಾ ತೈಲದಿಂದ ಬಂದದ್ದನ್ನ ಸಿಂಥೆಟಿಕ್ ಅಂತ ಮಾರೋದು ಸುಳ್ಳು ಜಾಹೀರಾತು ಅಂತ ಅಲ್ಲಿನ ನ್ಯಾಷನಲ್ ಅಡ್ವರ್ಟೈಸಿಂಗ್ ಡಿವಿಷನ್‌ಗೆ ದೂರು ಕೊಟ್ಟರು. ಇದು ಕೋರ್ಟ್ ಅಲ್ಲ; ಜಾಹೀರಾತು ಉದ್ಯಮ ತನಗೆ ತಾನೇ ಮಾಡಿಕೊಂಡ ಪಂಚಾಯ್ತಿ. 1999ರಲ್ಲಿ ತೀರ್ಪು ಬಂತು: ಅಣುಗಳ ರೂಪ ಅಷ್ಟೊಂದು ಬದಲಾಗಿದ್ದರೆ ಸಿಂಥೆಟಿಕ್ ಅನ್ನಬಹುದು. ಗೆದ್ದದ್ದು ಕ್ಯಾಸ್ಟ್ರಾಲ್.

ಅಲ್ಲಿಂದ ಮುಂದೆ ಗ್ರೂಪ್ 3 ತುಂಬಿದ 'ಫುಲ್ ಸಿಂಥೆಟಿಕ್' ಡಬ್ಬಿ ಮಾಮೂಲಿ ಆಯ್ತು. ಜರ್ಮನಿಯಲ್ಲಿ ಮಾತ್ರ ಇದಕ್ಕೆ ಒಪ್ಪಲಿಲ್ಲ, ಅಲ್ಲಿ ಗ್ರೂಪ್ 3 ಆಯಿಲ್ ಮೇಲೆ 'ಪೂರ್ತಿ ಸಿಂಥೆಟಿಕ್' ಅಂತ ಬರೆಯೋ ಹಾಗಿಲ್ಲ. ಅದೇ ಪದಾರ್ಥ, ಊರು ಬದಲಾದರೆ ಹೆಸರು ಬದಲು! ನನ್ನ ಕೇಳಿದರೆ, ಆಯಿಲ್ ಕೆಟ್ಟದ್ದು ಅನ್ನೋದು ಇಲ್ಲಿ ತಕರಾರೇ ಅಲ್ಲ. ಒಳಗೆ ಅಗ್ಗದ್ದು ಬಂದ ಮೇಲೆ, ಆ ಲಾಭದಲ್ಲಿ ಕೊಳ್ಳೋರಿಗೂ ಒಂದು ಪಾಲು ಸಿಗಬೇಕಿತ್ತಲ್ಲ?

ನಮ್ಮ ದೇಶಕ್ಕೆ ಬನ್ನಿ. ಇಲ್ಲಿ ದೊಡ್ಡ ಬದಲಾವಣೆ ಆಗಿರೋದು ಕೆಳಗಿನ ಮೆಟ್ಟಿಲಲ್ಲಿ, ಗ್ರೂಪ್ 1ರಿಂದ 2 ಮತ್ತು 3ರ ಕಡೆಗೆ. ಬಿಪಿಸಿಎಲ್ ತನ್ನ ಮುಂಬೈ ರಿಫೈನರಿಯಲ್ಲಿ 2006ರಲ್ಲೇ ಗ್ರೂಪ್ 2 ದರ್ಜೆಯ ಬೇಸ್ ಆಯಿಲ್ ಮಾಡೋಕೆ ಶುರು ಮಾಡಿತು. ಇಲ್ಲಿ ಮಾಡಿದ್ದು ಸಾಲದೆ ದಕ್ಷಿಣ ಕೊರಿಯಾದಂಥ ಕಡೆಯಿಂದ ಹಡಗಿನಲ್ಲೂ ಬರುತ್ತೆ.

ಇದಕ್ಕೆ ಕಾರಣ ಆಯಿಲ್ ತೆಳುವಾಗಿದ್ದು. ಹಳೆಯ ಬೈಕ್‌ಗೆ 20ಡಬ್ಲ್ಯು-40 ಹಾಕ್ತಿದ್ದರು. ಈಗಿನ ಬಹಳಷ್ಟು ದಿನಬಳಕೆ ಬೈಕ್‌ಗಳ ಮ್ಯಾನುಯಲ್‌ನಲ್ಲಿ 10ಡಬ್ಲ್ಯು-30 ಅಂತಿರುತ್ತೆ. ತೆಳು ಆಯಿಲ್ ಇದ್ದರೆ ಎಂಜಿನ್ ಹಗುರಾಗಿ ತಿರುಗುತ್ತೆ, ಪೆಟ್ರೋಲ್ ಉಳಿಯುತ್ತೆ, ಹೊಗೆಯ ನಿಯಮ ಪಾಲಿಸೋದೂ ಸುಲಭ. ಆದರೆ ಗ್ರೂಪ್ 1ರಲ್ಲಿ ತೆಳು ಆಯಿಲ್ ಮಾಡಿದರೆ ಬಿಸಿಗೆ ಆವಿಯಾಗಿ ಹೋಗುತ್ತೆ. ಇದಕ್ಕೆ ನೋಆಕ್ ಅಂತ ಒಂದು ಪರೀಕ್ಷೆ ಇದೆ: ಆಯಿಲನ್ನ 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಎಷ್ಟು ಆವಿಯಾಯ್ತು ಅಂತ ತೂಗ್ತಾರೆ. ಕಾರುಗಳ ಹೊಸ ಆಯಿಲ್‌ಗಳಿಗೆ ಮಿತಿ ಶೇ 15ರ ಆಸುಪಾಸು. ತೆಳುವಾಗಿಯೂ ಇರಬೇಕು, ಆವಿಯಾಗಲೂಬಾರದು ಅಂದ್ರೆ ಒಳ್ಳೆಯ ಬೇಸ್ ಆಯಿಲ್ ಬೇಕೇ ಬೇಕು.

ಬಣ್ಣದ ಗುಟ್ಟೂ ಇಲ್ಲೇ ಇದೆ. ಗ್ರೂಪ್ 2, 3 ಬೇಸ್ ಆಯಿಲ್‌ಗಳು ಹೆಚ್ಚುಕಡಿಮೆ ನೀರಿನಷ್ಟೇ ತಿಳಿ. ಡಬ್ಬಿಯಲ್ಲಿ ಕಾಣೋ ಬಣ್ಣ ಬೆರೆಸಿದ ರಾಸಾಯನಿಕದ್ದು, ಕೆಲವು ಸಲ ಬೇಕಂತಲೇ ಹಾಕಿದ ಬಣ್ಣದ್ದು. ಹಾಗಾಗಿ ಬೆರಳಲ್ಲಿ ತಿಕ್ಕಿ, ಮೂಸಿ, ಬಣ್ಣ ನೋಡಿ ಹೇಳೋದೆಲ್ಲಾ ಲೆಕ್ಕಕ್ಕಿಲ್ಲ. ನಮ್ಮ ಕೇಳುಗರಿಗೆ 'ನೀರಿನ ಹಾಗೆ' ಕಂಡದ್ದು ಮೊದಲಿಗಿಂತ ಶುದ್ಧ ಆಯಿಲೇ ಆಗಿರಬಹುದು.

ಹೆಸರು ಬದಲಿಸದೆ ಒಳಗಿನದನ್ನ ಬದಲಿಸೋಕೆ ಅನುಮತಿ ಇದೆಯಾ? ಇದೆ. ಒಂದು ಬೇಸ್ ಆಯಿಲ್ ಬದಲು ಇನ್ನೊಂದು ಹಾಕಬೇಕಾದರೆ ಯಾವ ಯಾವ ಎಂಜಿನ್ ಪರೀಕ್ಷೆ ಮತ್ತೆ ಮಾಡಬೇಕು ಅಂತ ಎಪಿಐ ನಿಯಮವೇ ಬರೆದಿಟ್ಟಿದೆ. ಅದನ್ನ ದಾಟಿದರೆ ಸಾಕು, ನಿಮಗೆ ಹೇಳಬೇಕಾಗಿಲ್ಲ. ಬೇಸ್ ಆಯಿಲ್ ಯಾವುದು ಅಂತ ಡಬ್ಬಿ ಮೇಲೆ ಸಾಮಾನ್ಯವಾಗಿ ಬರೆದಿರೋದೂ ಇಲ್ಲ.

ಹಾಗಾದ್ರೆ ಅಂಗಡಿಯಲ್ಲಿ ನಿಂತು ಏನು ನೋಡೋದು? ಡಬ್ಬಿ ತಿರುಗಿಸಿ. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡ್ ಇದೆಯಾ ನೋಡಿ. ಗೇರ್ ಇರೋ ಬೈಕ್ ಆದರೆ ಜಾಸೊ ಎಂಎ ಅಥವಾ ಎಂಎ2 ಇರಲೇಬೇಕು. ಬೈಕಲ್ಲಿ ಕ್ಲಚ್ ಮುಳುಗಿರೋದು ಅದೇ ಆಯಿಲ್‌ನಲ್ಲಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಎಪಿಐನ ದುಂಡನೆಯ ಮುದ್ರೆ ಇದ್ದರೆ ಆ ಆಯಿಲ್‌ಗೆ ಲೈಸೆನ್ಸ್ ಇದೆ ಅಂತರ್ಥ, ಎಪಿಐ ವೆಬ್‌ಸೈಟಲ್ಲಿ ಹುಡುಕಿ ನೋಡಬಹುದು. ಮುದ್ರೆ ಇಲ್ಲದೆ ಬರೀ 'ಈ ಮಟ್ಟಕ್ಕೆ ಸಮ' ಅಂತಿದ್ದರೆ ಅದು ಕಂಪನಿ ಹೇಳೋ ಮಾತು. ಡುಪ್ಲಿಕೇಟ್ ಭಯ ಇದ್ದರೆ ಸೀಲ್, ಬ್ಯಾಚ್ ನಂಬರ್ ನೋಡಿ, ಬಿಲ್ ಕೇಳಿ.

ಆ ಇನ್ನೂರು ರೂಪಾಯಿ? ಮ್ಯಾನುಯಲ್ ಕೇಳದಿದ್ದರೆ, ಸಣ್ಣ ಬೈಕ್‌ಗೆ, ಕಾರವಾರದ ಚಳಿಗೆ (ಚಳಿ ಅಂತ ಒಂದಿದ್ದರೆ!) ಸಿಂಥೆಟಿಕ್ ಅನ್ನೋ ಪದಕ್ಕೆ ದುಡ್ಡು ಕೊಡೋದಕ್ಕಿಂತ ಸರಿಯಾದ ಕಿಲೋಮೀಟರ್‌ಗೆ ಆಯಿಲ್ ಬದಲಿಸೋದಕ್ಕೆ ಆ ದುಡ್ಡು ಇಟ್ಕೊಳ್ಳಿ. ದಿನಾ ಲೋಡ್ ಹೊತ್ತು ಅರಬೈಲ್ ಘಾಟಿ ಹತ್ತೋ ಗಾಡಿಯ ಮಾತು ಬೇರೆ, ಅಲ್ಲಿ ಬಿಸಿ ತಡೆಯೋ ಆಯಿಲ್‌ಗೆ ಕೊಟ್ಟ ದುಡ್ಡು ದಂಡ ಅಲ್ಲ.

ಇನ್ನೊಂದು ಪ್ರಶ್ನೆ ಬೈತಖೋಲ್ ಬಂದರಿನಿಂದ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಇರುತ್ತಲ್ಲ, ಆಗ ಬೋಟಿನ ಎಂಜಿನ್ ಬಿಚ್ಚಿ ರಿಪೇರಿ ಮಾಡ್ತಾರೆ. "ಅಪ್ಪನ ಹಳೇ ಬೋಟಿಗೆ ಸಿಂಥೆಟಿಕ್ ಹಾಕಬಹುದಾ?" ಅಂತ ಕೇಳಿದ್ದಾರೆ. ಸ್ವಲ್ಪ ತಡೀರಿ. ಗ್ರೂಪ್ 1 ಆಯಿಲ್ ರಬ್ಬರ್ ಸೀಲನ್ನ ತುಸು ಉಬ್ಬಿಸಿ ಇಡುತ್ತೆ. ವರ್ಷಗಟ್ಟಲೆ ಅದರಲ್ಲೇ ನೆನೆದ ಸೀಲ್ ಬೇರೆ ಜಾತಿಯ ಆಯಿಲ್‌ಗೆ ಬಂದಾಗ ಕುಗ್ಗಿ, ಜಿನುಗೋಕೆ ಶುರುವಾಗಬಹುದು. ಬದಲಿಸಲೇಬೇಕು ಅಂತಿದ್ದರೆ ಎಂಜಿನ್ ಬಿಚ್ಚಿದಾಗಲೇ ಸೀಲ್ ಹೊಸದು ಹಾಕಿಸಿ. ಆಗಸ್ಟ್‌ನಲ್ಲಿ ಕಡಲಿಗೆ ಇಳಿಸೋ ಮೊದಲು ದಕ್ಕೆಯಲ್ಲೇ ಒಂದೆರಡು ತಾಸು ಓಡಿಸಿ, ಎಂಜಿನ್ ಕೆಳಗೆ ರಟ್ಟು ಹಾಸಿ ಹನಿ ಬೀಳ್ತದಾ ನೋಡ್ಕೊಳ್ಳಿ.